ನಿಂತ ಗಾಡಿಯ ಕಿಲೋಮೀಟರ್

ಜೂನ್ 4

ತಮ್ಮನಿಗೆ,

ಫೋನ್ ಮಾಡಬಹುದಿತ್ತು. ಆದರೆ ನಾವಿಬ್ಬರೂ ಫೋನ್ ಹಿಡಿದರೆ ಮೂರನೇ ಮಾತಿಗೆ ದನಿ ಏರುತ್ತದೆ, ಐದನೆಯದಕ್ಕೆ ಯಾರಾದರೊಬ್ಬರು ಇಟ್ಟುಬಿಡುತ್ತೇವೆ. ಕಾಗದವಾದರೆ ಮಧ್ಯೆ ಬಾಯಿ ಹಾಕುವ ಹಾಗಿಲ್ಲ, ಪೂರ್ತಿ ಓದಲೇಬೇಕು.

ನಿನ್ನೆ ವಾಹನ ನೋಂದಣಿ ಕಚೇರಿಯಿಂದ ನನಗೊಂದು ನೋಟಿಸ್ ಬಂತು. ನಿನ್ನ ವ್ಯಾನಿನದು. ಕೊಳ್ಳುವಾಗ ನಿನಗೆ ಸಂಬಳದ ಕೆಲಸ ಇರಲಿಲ್ಲ, ನನಗಿತ್ತು, ಹಾಗಾಗಿ ಗಾಡಿ ನನ್ನ ಹೆಸರಿಗೆ ಬಂತು. ಹನ್ನೊಂದು ವರ್ಷ ಅದರಲ್ಲಿ ನೀನು ಶಾಲೆ ಮಕ್ಕಳನ್ನು ಕರೆದುಕೊಂಡು ಹೋದೆ, ನಾನು ಕಾಗದದ ಮೇಲೆ ಮಾತ್ರ ಯಜಮಾನಿ. ಈಗ ಆ ಯಜಮಾನಿಯನ್ನು ಕೇಳುತ್ತಿದ್ದಾರೆ: ಏಪ್ರಿಲ್ ಮೂವತ್ತಕ್ಕೆ ವಿಮೆ ಮುಗಿದಿದೆ, ಯಾಕೆ ಕಟ್ಟಿಲ್ಲ? ಗಾಡಿ ಓಡಿಸಿದರೂ ಅಷ್ಟೆ, ಶೆಡ್ಡಿನಲ್ಲಿ ನಿಲ್ಲಿಸಿಕೊಂಡರೂ ಅಷ್ಟೆ, ವಿಮೆ ಇರಲೇಬೇಕಂತೆ.

ಮಾರ್ಚಿನಲ್ಲಿ ಡಾಕ್ಟರು ನಿನಗೆ ಸ್ಟಿಯರಿಂಗ್ ಮುಟ್ಟಬೇಡ ಎಂದ ದಿನದಿಂದ ಗಾಡಿ ನಿಂತೇ ಇದೆಯಲ್ಲ. ನಾನೇ ಆಸ್ಪತ್ರೆಯಿಂದ ತಂದು ನಿಮ್ಮ ಮನೆ ಹಿಂದಿನ ಶೆಡ್ಡಿಗೆ ಹಾಕಿದ್ದೆ. ಏನು ಮಾಡೋಣ ಬರೆ. ಆರೋಗ್ಯ ಹೇಗಿದೆ? ಮತ್ತೆ ಫಿಟ್ಸ್ ಬಂದಿಲ್ಲ ತಾನೆ?

ನಿನ್ನ ಅಕ್ಕ

*

ಜೂನ್ 12

ಅಕ್ಕನಿಗೆ ನಮಸ್ಕಾರ.

ಕಾಗದ ಓದಿ ನಗು ಬಂತು. ಹೆಂಡತಿಗೂ ಓದಿ ಹೇಳಿದೆ. ಮಲಗಿರುವ ವ್ಯಾನಿಗೆ ವಿಮೆ ಯಾಕೆ ಬೇಕು? ಅದು ಯಾರಿಗೆ ಗುದ್ದುತ್ತದೆ, ಶೆಡ್ಡಿನ ಗೋಡೆಗಾ? ಹಾಗೆ ನೋಡಿದರೆ ನಮ್ಮ ಮನೆಯ ಮಂಚಕ್ಕೂ ವಿಮೆ ಮಾಡಿಸಬೇಕು, ನಾನು ಈಗ ದಿನವಿಡೀ ಅದರ ಮೇಲೇ ಇದ್ದೇನೆ.

ಬ್ಯಾಟರಿ ಸತ್ತಿದೆ. ಟೈರಿನಲ್ಲಿ ಗಾಳಿ ಇಲ್ಲ. ಬಾನೆಟ್ ಮೇಲೆ ಬೆಕ್ಕು ಮರಿ ಹಾಕಿದೆ. ಆ ನೋಟಿಸನ್ನು ಡ್ರಾಯರಿಗೆ ಹಾಕು. ಇಂಥ ಕಾಗದಗಳನ್ನು ಅವರು ಸಾವಿರಗಟ್ಟಲೆ ಕಳಿಸಿ ಮರೆತುಬಿಡುತ್ತಾರೆ.

ನಾನು ಚೆನ್ನಾಗಿದ್ದೇನೆ. ಮಾತ್ರೆ ನುಂಗುತ್ತಿದ್ದೇನೆ. ಆಮೇಲೆ ಒಂದು ಸಲವೂ ಬಂದಿಲ್ಲ. ಆರು ತಿಂಗಳು ಬರದೇ ಇದ್ದರೆ ಲೈಸೆನ್ಸ್ ವಾಪಸ್ ಎಂದಿದ್ದಾರೆ. ಸೆಪ್ಟೆಂಬರ್ ಬರಲಿ.

ನಿನ್ನ ತಮ್ಮ

*

ಜೂನ್ 20

ತಮ್ಮನಿಗೆ,

ಡ್ರಾಯರಿಗೆ ಹಾಕಲಿಲ್ಲ. ಅರ್ಧ ದಿನ ರಜೆ ಹಾಕಿ ಕಚೇರಿಗೇ ಹೋದೆ. ಮೂರನೇ ಕಿಟಕಿಯ ಹೆಂಗಸಿಗೆ ನಿನ್ನ ಮಾತನ್ನೇ ಹೇಳಿದೆ, ನಿಂತ ಗಾಡಿ ಯಾರಿಗೆ ಗುದ್ದುತ್ತದೆ ಎಂದು. ಅವರು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಹೇಳಿದರು: "ನಿಂತಿದೆ ಅಂತ ಎಲ್ರೂ ಹೇಳ್ತಾರಮ್ಮ. ಒಂದು ದಿನ ಅರ್ಜೆಂಟ್ ಅಂತ ತೆಗೀತಾರೆ. ಆ ಒಂದೇ ದಿನ ಆಗೋದು ಆಗುತ್ತೆ. ಗುದ್ದಿಸ್ಕೊಂಡೋರಿಗೆ ಯಾರು ಕೊಡ್ತಾರೆ? ಅದಕ್ಕೇ ಈ ಕಾನೂನು."

ಎರಡೇ ದಾರಿ ಇದೆ. ಒಂದು, ವಿಮೆ ಮಾಡಿಸುವುದು. ಇಲ್ಲವೇ, ಗಾಡಿ ಓಡಿಸುತ್ತಿಲ್ಲ ಎಂದು ಬರೆದುಕೊಟ್ಟು ಎರಡೂ ನಂಬರ್ ಪ್ಲೇಟನ್ನು ಅವರಿಗೆ ಒಪ್ಪಿಸುವುದು. ಪ್ಲೇಟ್ ಕೊಟ್ಟ ಮೇಲೆ ವಿಮೆ ಬೇಡ, ಆದರೆ ಗಾಡಿ ಶೆಡ್ಡಿನಿಂದ ಹೊರಗೆ ಕಾಲಿಡುವ ಹಾಗಿಲ್ಲ. ಮುಂದೆ ನಿನಗೆ ಲೈಸೆನ್ಸ್ ಬಂದಾಗ ಪ್ಲೇಟ್ ವಾಪಸ್ ತಗೊಳ್ಳಬಹುದು. ನನಗೆ ಎರಡನೆಯದೇ ಸರಿ ಅನ್ನಿಸುತ್ತದೆ.

ಯಾವ ಫಾರಂ ತುಂಬಿದರೂ ಕಿಲೋಮೀಟರ್ ಎಷ್ಟಾಗಿದೆ ಎಂದು ಬರೆಯಬೇಕು. ನೋಡಿ ತಿಳಿಸು. ಹಾಗೇ ಪ್ಲೇಟುಗಳನ್ನು ಬಿಚ್ಚಿ ಕಳಿಸು.

ನಿನ್ನ ಅಕ್ಕ

*

ಜುಲೈ 9

ಅಕ್ಕನಿಗೆ,

ಉತ್ತರ ತಡವಾಯಿತು. ಕೆಲಸವಿಲ್ಲದವನಿಗೆ ಪುರುಸೊತ್ತಿಲ್ಲ ನೋಡು.

ಪ್ಲೇಟ್ ಬಿಚ್ಚುವ ಮಾತು ಬೇಡ. ಪ್ಲೇಟ್ ಇಲ್ಲದ ಗಾಡಿ ಶೆಡ್ಡಿನಲ್ಲಿ ನಿಂತಿದ್ದರೆ ಓಣಿಯವರೆಲ್ಲ ಅದರ ಕಥೆ ಮುಗಿಯಿತು ಅಂದುಕೊಳ್ಳುತ್ತಾರೆ. ಗಾಡಿಯ ಕಥೆ ಮುಗಿದರೆ ನನ್ನದೂ ಮುಗಿದ ಹಾಗೆ. ನಾನು ಹಾಗೆ ಅಂದುಕೊಂಡಿಲ್ಲ. ನೀನು ವಿಮೆಯನ್ನೇ ಮಾಡಿಸಿಬಿಡು, ಆದಷ್ಟು ಬೇಗ. ದುಡ್ಡು ನಾನು ಕಳಿಸುತ್ತೇನೆ.

ಕಿಲೋಮೀಟರ್ 61,934.

ತಮ್ಮ

*

ಜುಲೈ 15

ತಮ್ಮನಿಗೆ,

ನಾನು ಏನು ಕೆಲಸ ಮಾಡುತ್ತೇನೆ ಎಂಬುದನ್ನು ನೀನು ಮರೆತಿದ್ದೀಯ. ಹತ್ತೊಂಬತ್ತು ವರ್ಷ ಮನೆ ಮನೆಗೆ ಹೋಗಿ ನೀರಿನ ಮೀಟರ್ ಓದಿದವಳು ನಾನು. ಈಗ ಕುರ್ಚಿಯಲ್ಲಿ ಕೂತು ಬೇರೆಯವರು ಓದಿ ತಂದದ್ದನ್ನು ತಾಳೆ ನೋಡುತ್ತೇನೆ. ಬೀಗ ಹಾಕಿದ ಮನೆಯ ಮೀಟರು ತಿರುಗಿದ್ದರೆ ಒಳಗೆ ಯಾರೋ ಇದ್ದಾರೆ ಎಂದೇ ಅರ್ಥ. ಅದಕ್ಕೆ ಇನ್ನೊಂದು ಅರ್ಥವನ್ನು ಈವರೆಗೆ ನಾನು ಕಂಡಿಲ್ಲ.

ಮಾರ್ಚ್ ಎರಡರಂದು ವ್ಯಾನನ್ನು ಶೆಡ್ಡಿಗೆ ಹಾಕಿ ಕೀ ತೆಗೆಯುವ ಮೊದಲು ಮೀಟರ್ ನೋಡಿದೆ. ಅಭ್ಯಾಸ. ನನ್ನ ಪುಸ್ತಕದಲ್ಲಿ ಇದೆ: 61,088.

ಎಂಟುನೂರ ನಲವತ್ತಾರು ಕಿಲೋಮೀಟರ್ ವ್ಯತ್ಯಾಸ. ಶಾಲೆ ಜೂನ್ ಒಂದಕ್ಕೆ ಶುರುವಾಯಿತು. ನೀನು ಕಾಗದ ಬರೆದ ದಿನದವರೆಗೆ ಭಾನುವಾರ ಕಳೆದರೆ ಮೂವತ್ತಮೂರೋ ಮೂವತ್ತನಾಲ್ಕೋ ದಿನ. ಬೆಳಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು, ದಿನಕ್ಕೆ ಇಪ್ಪತ್ತೈದು ಕಿಲೋಮೀಟರ್. ಭಾಗಿಸಿ ನೋಡು. ನಾನು ಆಫೀಸಿನಲ್ಲಿ ನಾಲ್ಕು ಸಲ ಭಾಗಿಸಿದೆ, ನನ್ನದೇ ತಪ್ಪಿರಲಿ ಎಂದುಕೊಂಡು.

ಗಾಡಿಯಲ್ಲಿ ಮಕ್ಕಳಿದ್ದಾರಾ?

ಅಕ್ಕ

*

ಜುಲೈ 24

ಅಕ್ಕನಿಗೆ,

ಇದ್ದಾರೆ. ನಾಲ್ಕೇ ಮಕ್ಕಳು. ಮೊದಲಿದ್ದ ಹದಿನಾಲ್ಕರಲ್ಲಿ ನಾಲ್ಕು.

ಪೂರ್ತಿ ಕೇಳು, ಕಾಗದದಲ್ಲಿ ಬಾಯಿ ಹಾಕುವ ಹಾಗಿಲ್ಲ ಎಂದವಳು ನೀನೇ. ನನ್ನ ಬದಲು ಬಂದವನು ಮೇ ತಿಂಗಳಲ್ಲೇ ಕೈಕೊಟ್ಟು ಹೋದ. ದೊಡ್ಡ ಬಸ್ಸು ಆ ಮೂರು ಮನೆಗಳ ಓಣಿಗೆ ಬರುವುದಿಲ್ಲ. ಒಂದು ಮನೆಯ ತಾಯಿ ನರ್ಸು, ಬೆಳಗ್ಗೆ ಆರಕ್ಕೇ ಡ್ಯೂಟಿ, ಇಬ್ಬರು ಗಂಡುಮಕ್ಕಳು. ಇನ್ನೊಂದರಲ್ಲಿ ಮೊಮ್ಮಗುವಿನ ಜೊತೆ ಕಿವಿ ಕೇಳದ ಅಜ್ಜ. ಮೂರನೆಯದು ಎಲೆಕ್ಟ್ರಿಷಿಯನ್ ಮನೆ, ಒಂಬತ್ತು ವರ್ಷದ ಹುಡುಗಿ. ಅವರೇ ಬಂದು ಕೇಳಿದರು. "ನೀವಾದ್ರೆ ನಮಗೆ ಧೈರ್ಯ" ಎಂದರು. ಹನ್ನೊಂದು ವರ್ಷದಲ್ಲಿ ಒಂದು ಗೀಚೂ ಬೀಳದ ಗಾಡಿ ನನ್ನದು.

ನನಗೇನಾಗಿದೆ ಎಂದು ಅವರಿಗೆ ಹೇಳಿಲ್ಲ. ಬೆನ್ನು ನೋವು, ರೆಸ್ಟ್ ಎಂದಿದ್ದೆ.

ಅಕ್ಕ, ಬೆಳಗ್ಗೆ ಎಂಟು ಗಂಟೆಗೆ ಓಣಿಯಲ್ಲಿ ಎಲ್ಲರೂ ಎಲ್ಲಿಗಾದರೂ ಹೊರಡುತ್ತಾರೆ. ನನ್ನ ಹೆಂಡತಿ ಕೂಡ ಪ್ರೆಸ್ಸಿಗೆ ಹೊರಡುತ್ತಾಳೆ, ಹಾಳೆ ಮಡಿಸಲು. ಮಾರ್ಚಿನಿಂದ ಮೇವರೆಗೆ ನಾನೊಬ್ಬನೇ ಬಾಗಿಲಲ್ಲಿ ನಿಂತು ಎಲ್ಲರನ್ನೂ ಕಳಿಸಿಕೊಟ್ಟೆ. ಅದು ಹೇಗಿರುತ್ತದೆ ಎಂದು ನಿನಗೆ ಗೊತ್ತಿಲ್ಲ.

ನಿಧಾನಕ್ಕೆ ಓಡಿಸುತ್ತೇನೆ. ಬರುವ ಮೊದಲು ನನಗೆ ಗೊತ್ತಾಗುತ್ತದೆ, ಬಾಯಲ್ಲಿ ಕಬ್ಬಿಣದ ರುಚಿ ಬರುತ್ತದೆ. ಮಾರ್ಚಿನಿಂದ ಬಂದೂ ಇಲ್ಲ. ವಿಮೆ ಒಂದು ಮಾಡಿಸಿಬಿಡು. ವಿಮೆ ಇದ್ದರೆ ನಿನಗೂ ಭಯವಿಲ್ಲ, ನನಗೂ ಇಲ್ಲ.

ತಮ್ಮ

*

ಆಗಸ್ಟ್ 1

ತಮ್ಮನಿಗೆ,

ವಿಮೆಯ ಫಾರಂ ನನ್ನ ಮುಂದೆಯೇ ಇದೆ. ಆರನೇ ಪ್ರಶ್ನೆ: ವಾಹನವನ್ನು ಯಾರು ಓಡಿಸುತ್ತಾರೆ? ಏಳನೆಯದು: ಆ ವ್ಯಕ್ತಿಗೆ ಪ್ರಜ್ಞೆ ತಪ್ಪುವ ಕಾಯಿಲೆ ಇದೆಯೇ? ಇದಕ್ಕೆ ಇಲ್ಲ ಎಂದು ಬರೆಯಲು ಹೇಳುತ್ತಿದ್ದೀಯ. ಬರೆದರೆ ಅದು ವಿಮೆಯಲ್ಲ, ಬರೀ ಕಾಗದ. ನಾಳೆ ಏನಾದರೂ ಆದರೆ ಆ ಸುಳ್ಳನ್ನೇ ತೋರಿಸಿ ಅವರು ಕೈ ತೊಳೆದುಕೊಳ್ಳುತ್ತಾರೆ. ಹೌದು ಎಂದು ಬರೆದರೆ ವಿಮೆಯೇ ಸಿಗುವುದಿಲ್ಲ.

ಹಾಗಾಗಿ ಇವತ್ತು, ನೀನು ಇದನ್ನು ಓದುವ ಹೊತ್ತಿಗೆ, ವಿಮೆ ಇಲ್ಲದ ಗಾಡಿ, ಲೈಸೆನ್ಸ್ ಇಲ್ಲದ ಡ್ರೈವರ್, ಒಳಗೆ ನಾಲ್ಕು ಮಕ್ಕಳು. ನೀನು ಬರೆದದ್ದನ್ನೇ ನಾನು ಒಂದು ಸಾಲಿಗೆ ತಂದಿದ್ದೇನೆ, ಅಷ್ಟೆ.

ನಾಳೆಯಿಂದ ನಿಲ್ಲಿಸು. ನಿಲ್ಲಿಸಿ ನನಗೆ ಬರೆ. ಪ್ಲೇಟ್ ಕಳಿಸು. ಆ ಮೂರು ಮನೆಯವರಿಗೆ ನಿಜ ಹೇಳು. ನೀನು ಹೇಳದಿದ್ದರೆ ನಾನು ಬಂದು ಹೇಳಬೇಕಾಗುತ್ತದೆ.

ಅಕ್ಕ

*

ಆಗಸ್ಟ್ 8

ನಿಲ್ಲಿಸಿದ್ದೇನೆ.

ನಿನ್ನ ಹೆಸರಿಗೆ ಮಸಿ ಹತ್ತುತ್ತದೆ ಎಂಬ ಭಯ ನಿನಗೆ. ಅದನ್ನು ನೇರವಾಗಿ ಬರೆದಿದ್ದರೆ ಒಂದು ಹಾಳೆ ಉಳಿಯುತ್ತಿತ್ತು. ಪ್ಲೇಟ್ ಗಾಡಿಯ ಮೇಲೇ ಇರುತ್ತದೆ. ನಿಂತ ಗಾಡಿಗೆ ಪ್ಲೇಟ್ ಇದ್ದರೆ ಯಾರಿಗೂ ನಷ್ಟವಿಲ್ಲ. ಸೆಪ್ಟೆಂಬರ್ ಮುಗಿಯುವವರೆಗೆ ಕಾಗದ ಬೇಡ.

*

ಆಗಸ್ಟ್ 19

ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ತಮ್ಮನ ಹೆಂಡತಿ ನಿಮಗೆ ಕಾಗದ ಬರೆಯುತ್ತಿರುವುದು ಇದೇ ಮೊದಲು. ಪ್ರೆಸ್ಸಿನಲ್ಲಿ ಕೂತು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಬೇಜಾರು ಮಾಡಿಕೊಳ್ಳಬೇಡಿ.

ಅವರು ನಿಲ್ಲಿಸಿಲ್ಲ. ನಿಮಗೆ ನಿಲ್ಲಿಸಿದ್ದೇನೆ ಎಂದು ಬರೆದ ದಿನವೂ ಹೋಗಿದ್ದರು. ಕಾಗದವನ್ನು ಡಬ್ಬಿಗೆ ಹಾಕಿದ್ದೂ ಮಕ್ಕಳನ್ನು ಇಳಿಸಿ ಬರುವಾಗಲೇ.

ಇನ್ನೊಂದು ವಿಷಯ. ಮಾರ್ಚಿನಿಂದ ಬಂದಿಲ್ಲ ಎಂದು ಅವರು ನಿಮಗೂ ಹೇಳಿದ್ದಾರೆ, ಡಾಕ್ಟರಿಗೂ ಹೇಳಿದ್ದಾರೆ. ಅದು ನಿಜ ಅಲ್ಲ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಊಟಕ್ಕೆ ಕೂತಾಗ ಒಂದು ಸಲ ಬಂತು. ಜುಲೈ ಮೊದಲ ವಾರ ಬಚ್ಚಲಲ್ಲಿ ಇನ್ನೊಂದು ಸಲ. ತಲೆ ಗೋಡೆಗೆ ತಗುಲದ ಹಾಗೆ ನಾನು ಹಿಡಿದುಕೊಂಡೆ. ಎರಡೂ ಸಲ ಎದ್ದ ಮೇಲೆ ಅವರು ಕೇಳಿದ್ದು ಒಂದೇ ಮಾತು, "ಯಾರಿಗೂ ಹೇಳಲ್ಲ ಅಂತ ಮಾತು ಕೊಡು." ಕೊಟ್ಟೆ. ಕಬ್ಬಿಣದ ರುಚಿ ಮೊದಲೇ ಬರುತ್ತದೆ ಎನ್ನುತ್ತಾರಲ್ಲ, ಬಚ್ಚಲಲ್ಲಿ ಬಿದ್ದಾಗ ಏನೂ ಬಂದಿರಲಿಲ್ಲವಂತೆ.

ಅವರು ಓಡಿಸುವಾಗ ಖುಷಿಯಾಗಿರುತ್ತಾರೆ ಅತ್ತಿಗೆ. ಮನೆಗೆ ಬಂದು ಆ ಮಕ್ಕಳ ಮಾತನ್ನೆಲ್ಲ ನನಗೆ ಹೇಳುತ್ತಾರೆ, ಯಾರ ಹಲ್ಲು ಬಿತ್ತು, ಯಾರು ಯಾರ ಜೊತೆ ಟೂ ಬಿಟ್ಟರು ಎಂದು. ಮೂರು ತಿಂಗಳು ಮಾತೇ ಆಡದ ಮನುಷ್ಯ. ಆ ಮಾತು ಕೇಳುವ ಆಸೆಗೆ ನಾನೂ ಸುಮ್ಮನಿದ್ದೆ. ಅದು ನನ್ನ ತಪ್ಪು.

ನೆನ್ನೆ ಅವರು ಸ್ನಾನಕ್ಕೆ ಹೋದಾಗ ಶೆಡ್ಡಿಗೆ ಹೋದೆ. ಸ್ಕ್ರೂಗಳು ತುಕ್ಕು ಹಿಡಿದಿದ್ದವು, ಅಡುಗೆ ಎಣ್ಣೆ ಬಿಟ್ಟು ತಿರುಗಿಸಿದೆ. ಹಿಂದಿನ ಪ್ಲೇಟ್ ಬಿಚ್ಚುವಾಗ ನೀರಿನ ಸದ್ದು ನಿಂತಿತು, ನಾನು ಸ್ಕ್ರೂ ಬಿಟ್ಟು ಕಿವಿಗೊಟ್ಟೆ. ಮತ್ತೆ ನೀರು ಬಿಟ್ಟರು. ಬಿಚ್ಚಿದೆ. ಎರಡನ್ನೂ ಹಳೇ ಟವೆಲಿನಲ್ಲಿ ಸುತ್ತಿ ಪಾರ್ಸೆಲ್ ಮಾಡಿದ್ದೇನೆ. ಈ ಕಾಗದದ ಜೊತೆಗೇ ತಲುಪುತ್ತದೆ.

ಹೊರಗೆ ಬಂದು ಗಾಡಿ ನೋಡಿದರು. ನನ್ನನ್ನು ನೋಡಿದರು. ಇವತ್ತು ಬೆಳಗ್ಗೆಯವರೆಗೂ ಒಂದು ಮಾತಿಲ್ಲ. ಬೈದಿದ್ದರೆ ವಾಸಿಯಿತ್ತು.

ನಿಮ್ಮ ನಾದಿನಿ

*

ಆಗಸ್ಟ್ 27

ತಮ್ಮನಿಗೆ,

ಬೇಡ ಎಂದರೂ ಬರೆಯುತ್ತಿದ್ದೇನೆ. ಪ್ಲೇಟುಗಳನ್ನು ನಿನ್ನೆ ಕಚೇರಿಗೆ ಒಪ್ಪಿಸಿದೆ. ಗಾಡಿ ಓಡಿಸುತ್ತಿಲ್ಲ ಎಂದು ಬರೆದು ಸಹಿ ಹಾಕಿದೆ. ಅದೇ ಮೂರನೇ ಕಿಟಕಿ. ಸಹಿ ಹಾಕುವಾಗ ಆ ಹೆಂಗಸು ಕೇಳಿದರು, "ಗ್ಯಾರಂಟಿ ತಾನೆ? ಇನ್ನು ತೆಗೆಯಲ್ಲ?" ನಾನು ಹೌದು ಎಂದೆ. ಜೀವನದಲ್ಲಿ ಇಷ್ಟು ಹೆದರಿಕೊಂಡು ನಾನು ಎಲ್ಲೂ ಸಹಿ ಹಾಕಿಲ್ಲ. ಯಾಕೆಂದರೆ ಆ ಹೌದು ನನ್ನ ಕೈಯಲ್ಲಿಲ್ಲ, ನಿನ್ನ ಕೈಯಲ್ಲಿದೆ.

ನಿನ್ನ ಹೆಂಡತಿಯನ್ನು ಏನೂ ಅನ್ನಬೇಡ. ಅವಳು ಬಿಚ್ಚದಿದ್ದರೆ ನಾನು ಬಂದು ಬಿಚ್ಚುತ್ತಿದ್ದೆ.

ನನ್ನ ಹೆಸರಿಗೆ ಭಯ ಎಂದೆ. ಹೌದು, ಭಯ. ಮಾರ್ಚ್ ಎರಡರಂದು ಆಸ್ಪತ್ರೆಯ ಬೆಂಚಿನ ಮೇಲೆ ನಿನ್ನ ಷೂ ಇಟ್ಟುಕೊಂಡು ಕೂತಿದ್ದೆನಲ್ಲ, ಆಗಿನಿಂದ ಇದೆ. ಆಗ ಹೆಸರಿನ ನೆನಪಿರಲಿಲ್ಲ.

ಡಾಕ್ಟರಿಗೆ ಏಪ್ರಿಲ್ ಮತ್ತು ಜುಲೈದನ್ನು ಹೇಳು.

ಅಕ್ಕ

*

ಸೆಪ್ಟೆಂಬರ್ 5

ನೀವಿಬ್ಬರೂ ಸೇರಿ ನನ್ನ ಕೈಕಾಲು ಮುರಿದು ಕೂರಿಸಿದ್ದೀರಿ. ಮನೆಯೊಳಗಿನವಳು ಒಬ್ಬಳು, ಹೊರಗಿನವಳು ಒಬ್ಬಳು. ಮಕ್ಕಳಿಗೆ ಗಾಡಿ ಕೆಟ್ಟಿದೆ ಎಂದು ಹೇಳಿ ಕಳಿಸಿದ್ದೇನೆ. ಆ ಹುಡುಗಿ ಈಗ ಮುಖ್ಯರಸ್ತೆಯವರೆಗೆ ನಡೆದು ಹೋಗುತ್ತಾಳಂತೆ. ಅವಳಿಗೆ ಏನಾದರೂ ಆದರೆ ಆ ಮೂರನೇ ಕಿಟಕಿಯವರು ಬರುತ್ತಾರಾ?

ನನಗೆ ಅಕ್ಕ ಇಲ್ಲ ಅಂದುಕೊಳ್ಳುತ್ತೇನೆ. ನಿನಗೆ ಗಾಡಿಯಿಲ್ಲದ ಒಬ್ಬ ತಮ್ಮ ಇದ್ದ ಅಂದುಕೋ.

*

ಸೆಪ್ಟೆಂಬರ್ 23

ಅತ್ತಿಗೆಯವರಿಗೆ,

ಗಾಬರಿಯಾಗಬೇಡಿ, ಅವರು ಈಗ ಹುಷಾರಾಗಿದ್ದಾರೆ.

ಪ್ಲೇಟ್ ಹೋದ ಮೇಲೂ ಅವರು ದಿನಾ ಬೆಳಗ್ಗೆ ಎಂಟಕ್ಕೆ ಇಸ್ತ್ರಿ ಅಂಗಿ ಹಾಕಿಕೊಂಡು ಶೆಡ್ಡಿಗೆ ಹೋಗಿ ಗಾಡಿಯಲ್ಲಿ ಕೂರುತ್ತಿದ್ದರು. ಸ್ಟಾರ್ಟ್ ಮಾಡುತ್ತಿರಲಿಲ್ಲ. ಸುಮ್ಮನೆ ಕೂತು ಒಂಬತ್ತಕ್ಕೆ ಇಳಿದು ಬರುತ್ತಿದ್ದರು. ಈಚೆಗೆ ನಾನು ಪ್ರೆಸ್ಸಿಗೆ ಒಂಬತ್ತರ ಮೇಲೇ ಹೊರಡುತ್ತಿದ್ದೆ, ನೋಡಿಯೂ ನೋಡದ ಹಾಗೆ ಇದ್ದೆ.

ಮೊನ್ನೆ ಎಂಟೂ ಇಪ್ಪತ್ತಕ್ಕೆ ಹಾರ್ನ್ ಕೇಳಿಸಿತು. ನಿಲ್ಲಲೇ ಇಲ್ಲ. ಸಿಟ್ಟಿಗೆ ಒತ್ತುತ್ತಿದ್ದಾರೆ ಅಂದುಕೊಂಡು ಪಾತ್ರೆ ತೊಳೆಯುತ್ತಲೇ ಇದ್ದೆ. ಆಮೇಲೂ ನಿಲ್ಲದಿದ್ದಾಗ ಒದ್ದೆ ಕೈಯಲ್ಲೇ ಓಡಿದೆ. ಸ್ಟಿಯರಿಂಗ್ ಮೇಲೆ ಎದೆ ಕೊಟ್ಟು ಬಿದ್ದಿದ್ದರು, ಮೈಯೆಲ್ಲ ಅದುರುತ್ತಿತ್ತು, ಕಾಲು ಪೆಡಲನ್ನು ಒದೆಯುತ್ತಿತ್ತು. ಪಕ್ಕದ ಮನೆಯವರೂ ಬಂದರು. ಎಳೆದು ನೆಲಕ್ಕೆ ಮಲಗಿಸಿದೆವು.

ಕಣ್ಣು ಬಿಟ್ಟಾಗ ನನ್ನ ತೋಳು ಹಿಡಿದು ಕೇಳಿದರು: "ಮಕ್ಕಳು ಇಳಿದ್ರಾ?"

"ಯಾರೂ ಇಲ್ಲ, ಗಾಡಿ ಶೆಡ್ಡಲ್ಲಿದೆ" ಎಂದೆ. ನಂಬಲಿಲ್ಲ. ತೆವಳಿಕೊಂಡು ಹೋಗಿ ಹಿಂದಿನ ಬಾಗಿಲು ತೆರೆದು ಒಂದೊಂದು ಸೀಟಿನ ಕೆಳಗೂ ಕೈ ಹಾಕಿ ನೋಡಿದರು. ಆಮೇಲೆ ಅಲ್ಲೇ ಗಾಡಿಯ ಮೆಟ್ಟಿಲ ಮೇಲೆ ಕೂತು ಎಷ್ಟೋ ಹೊತ್ತು ಅತ್ತರು. ಎಂಟೂ ಇಪ್ಪತ್ತಕ್ಕೆ ಗಾಡಿ ಮಕ್ಕಳ ಸಮೇತ ಶಾಲೆ ದಾರಿಯ ಸೇತುವೆ ಮೇಲಿರುತ್ತಿತ್ತು ಎಂದು ಅವರಿಗೆ ಚೆನ್ನಾಗಿ ಗೊತ್ತು. ನನಗೂ ಗೊತ್ತು.

ಡಾಕ್ಟರ ಹತ್ತಿರ ಹೋಗಿದ್ದೆವು. ಎಲ್ಲವನ್ನೂ ನಿಮ್ಮ ತಮ್ಮನೇ ಹೇಳಿದರು. ಮಾತ್ರೆ ಬದಲಾಗಿದೆ. ನಿಮಗೆ ಬರೆಯಬೇಕು ಎನ್ನುತ್ತಾರೆ, ಪೆನ್ನು ಹಿಡಿದು ಇಟ್ಟುಬಿಡುತ್ತಾರೆ.

ನಿಮ್ಮ ನಾದಿನಿ

*

ಸೆಪ್ಟೆಂಬರ್ 29

ತಮ್ಮನಿಗೆ,

ಬರೆಯುವುದು ಬೇಡ. ಹುಷಾರಾಗು ಸಾಕು. ಮುಂದಿನ ತಿಂಗಳು ಎರಡನೇ ಶನಿವಾರ ನಾನೇ ಬರುತ್ತೇನೆ. ಆ ಮೂರು ಮನೆಗಳಿಗೆ ಬೇಕಾದರೆ ಇಬ್ಬರೂ ಹೋಗೋಣ.

ಅಕ್ಕ

*

ಅಕ್ಟೋಬರ್ 3

ಅಕ್ಕನಿಗೆ ನಮಸ್ಕಾರ.

ನೀನು ಬರುವವರೆಗೆ ಕಾಯಲಿಲ್ಲ. ನೀನು ಪಕ್ಕದಲ್ಲಿದ್ದರೆ ನನ್ನ ಮಾತನ್ನು ನೀನೇ ಆಡಿಬಿಡುತ್ತಿದ್ದೆ. ನಿನ್ನೆ ಒಬ್ಬನೇ ನಡೆದುಕೊಂಡು ಹೋದೆ.

ನರ್ಸಮ್ಮ ಡ್ಯೂಟಿ ಮುಗಿಸಿ ಆಗತಾನೆ ಬಂದಿದ್ದರು. ಬಾಗಿಲಲ್ಲೇ ನಿಂತು ಕೇಳಿದರು. ನನಗಿಂತ ಚೆನ್ನಾಗಿ ಅವರಿಗೆ ಈ ಕಾಯಿಲೆ ಗೊತ್ತು, ಯಾವ ಮಾತ್ರೆ ಎಂದು ಸಹ ಕೇಳಿದರು. ಕೊನೆಗೆ, "ನೀವು ಹೋಗಿ, ನನ್ನ ಬಾಯಲ್ಲಿ ಏನಾದ್ರೂ ಬರೋ ಮುಂಚೆ ಹೋಗಿ" ಎಂದರು.

ಅಜ್ಜನಿಗೆ ಕೂಗಿ ಹೇಳಬೇಕಾಯಿತು. "ಏನು? ಏನಪ್ಪಾ?" ಎಂದು ಮೂರು ಸಲ ಕೇಳಿದರು. "ನನಗೆ ಫಿಟ್ಸ್ ಇದೆ, ಮುಚ್ಚಿಟ್ಟು ಮಕ್ಕಳನ್ನ ಕರ್ಕೊಂಡ್ ಹೋದೆ" ಎಂದು ಮೂರು ಸಲವೂ ಕೂಗಿದೆ. ಮಹಡಿಯಲ್ಲಿ, ಕೆಳಗೆ, ಎದುರಿಗೆ, ಎಲ್ಲ ಬಾಗಿಲೂ ತೆರೆದವು. ಅಜ್ಜ ಮಾತ್ರ ಅರ್ಥವಾದ ಮೇಲೆ ಮೊಮ್ಮಗುವನ್ನು ಹತ್ತಿರ ಎಳೆದುಕೊಂಡರು.

ಎಲೆಕ್ಟ್ರಿಷಿಯನ್ ನೆಲದ ಮೇಲೆ ಕೂತು ಯಾರದೋ ಫ್ಯಾನ್ ಬಿಚ್ಚಿ ಹರವಿಕೊಂಡಿದ್ದ. ಪಕ್ಕದಲ್ಲಿ ಹುಡುಗಿ ಹೋಂವರ್ಕ್ ಬರೆಯುತ್ತಿದ್ದಳು. ನಾನು ಹೇಳುವುದನ್ನೆಲ್ಲ ಅವನು ತಲೆ ಎತ್ತದೆ ಕೇಳಿದ. ಆಮೇಲೆ ಒಂದೇ ಪ್ರಶ್ನೆ ಕೇಳಿದ: "ನನ್ನ ಮಗಳು ಒಳಗಿದ್ದಾಗ ಯಾವತ್ತಾದ್ರೂ ಆಗಿತ್ತಾ?"

ಅಕ್ಕ, ಇದನ್ನು ನಿನಗೂ ಹೇಳಿಲ್ಲ, ಹೆಂಡತಿಗೂ ಹೇಳಿಲ್ಲ. ಡಾಕ್ಟರಿಗೆ ಮಾತ್ರ ಹೇಳಿದ್ದೆ, ಹೆಂಡತಿಯನ್ನು ಹೊರಗೆ ಕಳಿಸಿ. ಆಗಿತ್ತು. ಜುಲೈ ಕೊನೆಯಲ್ಲಿ, ನಿನಗೆ ಆ ಉದ್ದದ ಕಾಗದ ಬರೆದ ಮೂರನೇ ದಿನ.

"ಒಂದ್ ಸಲ" ಎಂದೆ. "ಬರ್ತಿದೆ ಅಂತ ಗೊತ್ತಾಯ್ತು. ಸೇತುವೆಗೆ ಮುಂಚೇನೇ ಪಕ್ಕಕ್ಕೆ ತಗೊಂಡು ಗಾಡಿ ಆಫ್ ಮಾಡ್ದೆ. ಎಲ್ರೂ ಕಣ್ಣು ಮುಚ್ಚಿ ನೂರು ಎಣಿಸಿ, ಇದೊಂದು ಆಟ ಅಂದೆ. ಅರ್ಧ ನಿಮಿಷದಲ್ಲಿ ಸರಿಹೋಯ್ತು."

ಅವನು ಮಗಳ ಕಡೆ ತಿರುಗಿದ. "ನೀನ್ಯಾಕೆ ಹೇಳ್ಲಿಲ್ಲ?"

"ಮಾಮ ಆಟ ಅಂದ್ರಲ್ಲ" ಎಂದಳು ಹುಡುಗಿ. ಪೆನ್ಸಿಲ್ ಕೆಳಗಿಟ್ಟಳು. "ನೂರಾದ್ರೂ ಮಾಮ ಏಳ್ಲಿಲ್ಲ. ಮತ್ತೆ ಮೊದಲಿಂದ ಎಣಿಸಿದ್ವಿ. ಆಮೇಲೆ ಇನ್ನೊಂದ್ ಸಲ. ಚಿಕ್ಕೋನಿಗೆ ನೂರರವರೆಗೆ ಬರಲ್ಲ, ಅವನು ನನ್ನ ಕೈ ಹಿಡ್ಕೊಂಡಿದ್ದ."

ಅಪ್ಪನ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಹಾಗೇ ನಿಂತಿತು. ಹುಡುಗಿ ಅವನನ್ನು ಸಮಾಧಾನ ಮಾಡುವವಳ ಹಾಗೆ ಹೇಳಿದಳು:

"ಗಾಡಿ ಮುಂದೆ ಮುಂದೆ ಹೋಗ್ತಿತ್ತಪ್ಪ, ನಿಧಾನಕ್ಕೆ. ಅದಕ್ಕೇ ನಾನು ಕೀ ತಿರುಗಿಸ್ಬಿಟ್ಟೆ."

ನನಗೆ ಎಚ್ಚರವಾದಾಗ ಇಂಜಿನ್ ಆಫ್ ಆಗಿತ್ತು, ಅಕ್ಕ. ಇಷ್ಟು ದಿನ ನಾನೇ ಆಫ್ ಮಾಡಿದ್ದೆ ಅಂದುಕೊಂಡಿದ್ದೆ.

ನಿನ್ನ ತಮ್ಮ